ಅಯ್ಯನವರು ಬರೋವರೆಗೂ

ನಿನ್ನೆ ಸಂಜೆಯಿಂದ ಒಂದೇ ವಿಷಯ ಕೊರೆಯುತ್ತಿದೆ. ಬರೆದೇ ಬಿಡುತ್ತೇನೆ.

ಲಿಂಗರಾಜಪುರದ ನಮ್ಮ ದೊಡ್ಡಮ್ಮ ಹಾಸಿಗೆ ಹಿಡಿದಿದ್ದಾರೆ. ನಿನ್ನೆ ಉಬ್ಬಸ ಜಾಸ್ತಿಯಾಗಿ, "ಯಾರಾದ್ರೂ ಪ್ರಾರ್ಥನೆ ಮಾಡ್ರೋ" ಅಂದರು. ಕೋಣೆಯಲ್ಲಿ ಒಂಬತ್ತು ಜನ ಇದ್ದೆವು. ಎಲ್ಲರೂ ದೀಕ್ಷಾಸ್ನಾನ ಪಡೆದು ಕ್ರೈಸ್ತ ಸಭೆಗೆ ಸೇರಿದವರೇ. ಒಬ್ಬರೂ ಬಾಯಿ ಬಿಡಲಿಲ್ಲ. "ಅಯ್ಯನವರು ಬರ್ತಿದ್ದಾರೆ, ಸ್ವಲ್ಪ ತಾಳಮ್ಮ" ಅಂದ ಅಣ್ಣ. ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿ, ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರು. ಮುಕ್ಕಾಲು ಗಂಟೆ ಬಾಗಿಲು ನೋಡುತ್ತಾ ಸುಮ್ನೆ ಕೂತೆವು.

ಆಮೇಲೆ ಪಕ್ಕದ ಮನೆ ಅಕ್ಕ ಬಂದರು. ಸೊಪ್ಪು ಮಾರುವವರು. ಎರಡು ವರ್ಷದ ಹಿಂದೆ ಸಭೆಗೆ ಸೇರಿದವರು, ಓದು ಅಷ್ಟಕ್ಕಷ್ಟೆ. ದೊಡ್ಡಮ್ಮನ ಕೈ ಹಿಡಿದು, ಸೊಪ್ಪು ಬಿಡಿಸಿ ಕಪ್ಪಾದ ಹೆಬ್ಬೆರಳಲ್ಲಿ ಸವರುತ್ತಾ, "ಅಪ್ಪಾ, ನಿನ್ನ ಮಗಳಿಗೆ ಹೆದರಿಕೆ ಆಗ್ತಿದೆ, ಹತ್ರ ಇರು" ಅಂದರು. ಅಷ್ಟೇ. ದೊಡ್ಡಮ್ಮ "ಆಮೆನ್" ಅಂದು ಮಗ್ಗುಲಾದರು.

ನನಗೆ ನಮ್ಮ ಮೇಲೇ ಸಿಟ್ಟು ಬಂತು. ಯೇಸುವಿನ ಶಿಷ್ಯ ಪೇತ್ರ ತನ್ನ ಮೊದಲ ಪತ್ರದಲ್ಲಿ 'ರಾಜವಂಶಸ್ಥರಾದ ಯಾಜಕರು', ಅಂದರೆ ಜನರ ಪರವಾಗಿ ದೇವರ ಮುಂದೆ ನಿಲ್ಲುವವರು, ಅಂದದ್ದು ಯಾರಿಗೆ? ಈಗಿನ ಟರ್ಕಿಯಲ್ಲಿರುವ ಪೊಂತ, ಗಲಾತ್ಯ, ಕಪ್ಪದೋಕ್ಯಗಳಲ್ಲಿ ಚದುರಿದ್ದ ಜನಕ್ಕೆ. ಅದೇ ಪತ್ರದಲ್ಲಿ ಮನೆಯಾಳುಗಳಿಗೂ, ಗಂಡ ಇನ್ನೂ ನಂಬದ ಹೆಂಗಸರಿಗೂ ಮಾತಿದೆ. ಅವರೂ ಯಾಜಕರೇ ಅಂತ ಅಲ್ವಾ? ಯೇಸು ಪ್ರಾಣ ಬಿಟ್ಟಾಗ ಮಹಾಯಾಜಕನೊಬ್ಬನೇ ದಾಟಬಹುದಾಗಿದ್ದ ದೇವಾಲಯದ ತೆರೆ ಮೇಲಿಂದ ಕೆಳಗಿನವರೆಗೂ ಹರಿಯಿತು ಅಂತ ಪ್ರತಿ ಶುಭ ಶುಕ್ರವಾರ ಕೇಳುತ್ತೇವೆ. ಆದರೂ ಯಾಜಕ ಅಂದರೆ ನಮಗೆ ಬಿಳಿ ನಿಲುವಂಗಿ ಮಾತ್ರ.

ಇದನ್ನ ಹೇಳಿದಾಗ, "ಹಂಗಾದ್ರೆ ಅಯ್ಯನವರು ಯಾಕೆ?" ಅಂದ ಅಣ್ಣ. ಸಭೆ ನಡೆಸೋಕೆ, ವಾಕ್ಯ ಕಲಿಸೋಕೆ, ರೊಟ್ಟಿ-ದ್ರಾಕ್ಷಾರಸದ ಕರ್ತನ ಭೋಜನ ಕೊಡೋಕೆ. ಯಾರು ಬೇಡ ಅಂದರು? ಚಪ್ಪಲಿ ಹೊಲಿಯುವವನು, ಕಮ್ಮಾರ, ರೈತ ಇವರ ಕೆಲಸ ಬೇರೆ ಬೇರೆ, ಯಾಜಕತ್ವ ಎಲ್ಲರದ್ದೂ ಅಂತ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲೇ ಬರೆದಿದ್ದಾರೆ. ಗುರುಗಳ ಯಾಜಕತ್ವವೇ ಬೇರೆ ಬಗೆಯದು ಅನ್ನುವ ಕ್ಯಾಥೊಲಿಕ್ ಸಭೆ ಕೂಡ, 1964ರಲ್ಲಿ, ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ದೀಕ್ಷಾಸ್ನಾನ ಆದವರೆಲ್ಲರಿಗೂ ಸೇರಿದ ಯಾಜಕತ್ವ ಒಂದಿದೆ ಅಂತ ಹೇಳಿತು. ಹೇಳದೆ ಉಳಿದವರು ಯಾರೂ ಇಲ್ಲ. ಕೇಳಿಸಿಕೊಳ್ಳದವರು ನಾವು.

ನಿಜ ಹೇಳಬೇಕು. ಸಂಡೇ ಸ್ಕೂಲ್ ಮಕ್ಕಳಿಗೆ ಪೇತ್ರನ ಆ ವಚನ ಬಾಯಿಪಾಠ ಮಾಡಿಸಿದವಳು ನಾನು. ನಿನ್ನೆ ನನ್ನ ಬಾಯೇ ಕಟ್ಟಿತ್ತು. ನೆಂಟರ ಮುಂದೆ ಮಾತು ತಪ್ಪಿದರೆ ಅನ್ನೋ ಹೆದರಿಕೆ. ಹೆದರಿಕೆ ದೊಡ್ಡಮ್ಮನಿಗೂ ಇತ್ತು, ಅದು ನನಗೆ ಕಾಣಲಿಲ್ಲ.

ಅಯ್ಯನವರು ಎಂಟೂವರೆಗೆ ಬಂದರು. ನಡೆದದ್ದು ಕೇಳಿ ಅಕ್ಕನ ಕಡೆ ತಿರುಗಿ, "ಇನ್ನೊಂದ್ಸಲ ನೀವೇ ಮಾಡಿ, ಅಮ್ಮಾ" ಅಂದರು. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ ಜಾಗದಲ್ಲೇ ತಲೆ ಬಗ್ಗಿಸಿ ನಿಂತರು.