ಕನ್ನಡಕದ ಮೇಲೆ ಕನ್ನಡಕ

ಕತ್ತಲಲ್ಲಿ ನಾಲ್ಕು ಜನರ ಕಾಲು ತುಳಿದು ಸೀಟು ಹಿಡಿದ ಮೇಲೆ ಪರದೆಯಲ್ಲಿ ಒಂದು ಸೂಚನೆ ಬಂತು. ಈ ಚಿತ್ರದ ಕೆಲವು ಭಾಗ ಟೂಡಿಯಲ್ಲೇ ತೆಗೆದದ್ದು, ಅದು ಹಾಗೇ ಕಾಣಬೇಕು, ಆದರೂ ಕನ್ನಡಕ ತೆಗೆಯಬೇಡಿ. 2010ರ ಡಿಸೆಂಬರ್, ‘ಟ್ರಾನ್: ಲೆಗಸಿ’. ತ್ರೀಡಿ ಅಂತಲೇ ಟಿಕೆಟ್‌ಗೆ ಜಾಸ್ತಿ ಕೊಟ್ಟಿದ್ದೆ. ಮಸಾಲೆ ದೋಸೆಗೆ ದುಡ್ಡು ತಗೊಂಡು, ‘ಅರ್ಧ ದೋಸೆಯಲ್ಲಿ ಪಲ್ಯ ಇರಲ್ಲ ಸಾರ್, ಅದು ಇರೋದೇ ಹಾಗೆ’ ಅಂದರೆ ನಾವು ಸುಮ್ನೆ ಇರ್ತೀವಾ?

1982ರ ‘ಟ್ರಾನ್’ಗೆ 28 ವರ್ಷದ ನಂತರ ಬಂದ ಎರಡನೇ ಭಾಗ ಇದು. ಮೊದಲನೆಯದನ್ನು ಬಾಡಿಗೆ ಕ್ಯಾಸೆಟ್‌ನಲ್ಲಿ ನೋಡುವಾಗ ನನ್ನ ಕಣ್ಣು ಚೆನ್ನಾಗಿತ್ತು. ಈಗ ಮೈನಸ್ ನಾಲ್ಕು.

ನನ್ನ ಕನ್ನಡಕದ ಮೇಲೆ ಥಿಯೇಟರಿನವರದು ಇಟ್ಟೆ. ಮೂಗಿನ ತುದಿಗೆ ಜಾರಿತು. ಅವರದರ ಮೇಲೆ ನನ್ನದು ಇಟ್ಟೆ. ಎರಡೂ ಸೇರಿ ಜಾರಿದವು. ನನ್ನದನ್ನು ತೆಗೆದರೆ ಪರದೆಯೇ ಮಂಜು. ಕೊನೆಗೆ ಕ್ಷೌರದಂಗಡಿಯಲ್ಲಿ ಕೂತ ಹಾಗೆ ತಲೆ ಹಿಂದಕ್ಕೆ ಚೆಲ್ಲಿದೆ. ಹಿಂದಿನವರು ಸೀಟಿಗೆ ಮೊಣಕಾಲು ಒತ್ತಿದರು. ‘ರೀ, ಇಲ್ಲಿ ಕೊಡಿ’ ಅಂದಳು ನನ್ನವಳು. ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ, ಹಾಲಿನ ಪ್ಯಾಕೆಟ್ಟಿನ ಬಾಯಿ ಕಟ್ಟುವ ಹಾಗೆ ಎರಡೂ ಕನ್ನಡಕ ಸೇರಿಸಿ ಬಿಗಿದಳು. ಅಷ್ಟರಲ್ಲಿ ನಾಯಕ ಕಂಪ್ಯೂಟರಿನೊಳಗೆ ಬಿದ್ದು, ಬಿಲ್ಲೆ ಎಸೆದಾಟದ ಕಾಳಗವೂ ಮುಗಿದಿತ್ತು. ಚಿತ್ರದ ಒಳ್ಳೆಯ ಭಾಗ ಅದೇ ಅಂತ ಆಮೇಲೆ ಎಲ್ಲರೂ ಹೇಳಿದರು. ಇರಬಹುದು.

ಕಟ್ಟು ಬಿಗಿಯಾದ ಮೇಲೆ ಎಲ್ಲ ಕಂಡಿತು. ಸಂಗೀತ ಡಾಫ್ಟ್ ಪಂಕ್‌ನವರದು, ಎದೆಗೂಡು ನಡುಗಿತು. ಆದರೆ ನಟ ಜೆಫ್ ಬ್ರಿಜಸ್ ಮುಖ! ಆಗ ಆತನಿಗೆ ಅರವತ್ತರ ಆಸುಪಾಸು. ಕಂಪ್ಯೂಟರಿನಿಂದ ಮುಖ ತಿದ್ದಿ ಹರೆಯ ಬರಿಸಿದ್ದರು. ಬಾಯಿ ಆಡುತ್ತಿತ್ತು, ಕೆನ್ನೆ ಆಡುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಮರಗಟ್ಟಿಸಿಕೊಂಡು ಬಂದವರ ಹಾಗೆ. ಮೊದಲ ಚಿತ್ರಕ್ಕೆ ದುಡಿದ ಒಂದು ಕಂಪ್ಯೂಟರಿಗೆ ಇದ್ದದ್ದು ಬರೀ 2 ಎಂಬಿ ಮೆಮೊರಿ. ಇವತ್ತು ಫೋನಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಗುಲಾಬಿಗೂ ಅದು ಸಾಲದೆ ಹೋಗಬಹುದು. ಆ ಚಿತ್ರದ ದೃಶ್ಯಚಮತ್ಕಾರಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಗಲಿಲ್ಲ. ಕಂಪ್ಯೂಟರ್ ಬಳಸಿದ್ದು ಮೋಸ ಅಂತ ಆಗಿನವರು ಅಂದುಕೊಂಡರು ಎಂದು ನಿರ್ದೇಶಕ ಸ್ಟೀವನ್ ಲಿಸ್ಬರ್ಗರ್ ಹೇಳಿದ್ದುಂಟು. ಈ ಕೆನ್ನೆ ನೋಡಿದ ಮೇಲೆ ನನಗೂ ಆ ಆಸ್ಕರ್‌ನವರ ಕಡೆಯೇ ಸ್ವಲ್ಪ ವಾಲಬೇಕು ಅನ್ನಿಸಿತು.

ಇನ್ನೊಂದು ಯೋಚನೆಯೂ ಬಂತು. ಈ ಚಿತ್ರದಲ್ಲಿ ನಾವಿರುವ ಲೋಕದ ದೃಶ್ಯಗಳು ಬಹುಪಾಲು ಚಪ್ಪಟೆ. ಕಂಪ್ಯೂಟರಿನೊಳಗಿನ ಲೋಕಕ್ಕೆ ಮಾತ್ರ ಆಳ. ಇದರಲ್ಲಿ ಏನೋ ದೊಡ್ಡ ವಿಷಯ ಇದೆ ಅಲ್ವಾ ಅಂತ ಹೆಂಡತಿಗೆ ಹೇಳಲು ತಿರುಗಿದೆ. ಲೈಟು ಹತ್ತಿತು. ಜನ ಎದ್ದರು. ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಹುಡುಗ ‘ಗ್ಲಾಸ್, ಗ್ಲಾಸ್’ ಅಂದ. ಹಾಕಿ ಬಂದೆ.

ಮೆಟ್ಟಿಲು ಕಾಣದೆ ಎಡವಿದಾಗ ಗೊತ್ತಾಯಿತು. ವಾಪಸ್ ಓಡಿದೆ. ಬುಟ್ಟಿಯ ತುಂಬ ಕಪ್ಪು ಕನ್ನಡಕ.

‘ಹೇಗಿತ್ತು ಸಾರ್ ನಿಮ್ದು?’

‘ಕಪ್ಪು ಫ್ರೇಮು.’

‘ನೀವೇ ನೋಡಿ ಹುಡುಕ್ಕೊಳ್ಳಿ’ ಅಂದ.