ನಿಜವನ್ನು ಒಪ್ಪಿಕೊಳ್ಳುವುದು ಬರೀ ಬುದ್ಧಿಯ ಕೆಲಸವೇ?

ವಿಜ್ಞಾನ, ನೀತಿ, ನಂಬಿಕೆ ಅಂತ ಮಾತು ಬಂದಾಗಲೆಲ್ಲ ಚರ್ಚೆ ಬೇಗನೆ ಎರಡು ಬಣವಾಗಿ ಒಡೆಯುತ್ತದೆ. ವಿಜ್ಞಾನ ಬಂದ ಮೇಲೆ ನಂಬಿಕೆಗೆ ಇನ್ನೇನು ಕೆಲಸ ಎನ್ನುವವರು ಒಂದು ಕಡೆ. ವಿಜ್ಞಾನ ಈಗ ಹೇಳುತ್ತಿರುವುದೆಲ್ಲ ನಮ್ಮ ಗ್ರಂಥದಲ್ಲಿ ಮೊದಲೇ ಇತ್ತು ಎನ್ನುವವರು ಇನ್ನೊಂದು ಕಡೆ. ನೀತಿಯ ಪ್ರಶ್ನೆಯನ್ನು ಇಬ್ಬರೂ ಕೊನೆಗೆ, ಹೊತ್ತು ಉಳಿದಿದ್ದರೆ ಎತ್ತಿಕೊಳ್ಳುತ್ತಾರೆ. ನನಗೆ ಅನ್ನಿಸುವುದು ಬೇರೆ. ನೀತಿಯ ಪ್ರಶ್ನೆ ಬರಬೇಕಾದದ್ದು ಮೊದಲಿಗೆ. ಸಾಕ್ಷಿ ಕಣ್ಣೆದುರಿಗೇ ಇದ್ದರೂ ಮನುಷ್ಯ ಮುಖ ತಿರುಗಿಸುತ್ತಾನಲ್ಲ, ಬಹಳ ಸಲ ಅದು ಅರ್ಥವಾಗದೆ ಅಲ್ಲ. ಒಪ್ಪಿಕೊಂಡರೆ ತಾನು ಏನೇನನ್ನು ಕಳೆದುಕೊಳ್ಳಬೇಕಾಗುತ್ತದೆ ಅಂತ ಅವನಿಗೆ ಚೆನ್ನಾಗಿಯೇ ಅರ್ಥವಾಗಿರುತ್ತದೆ.

ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ವೈದ್ಯರಿದ್ದ ಕಡೆ ನೂರಕ್ಕೆ ಸುಮಾರು 10 ತಾಯಂದಿರು ಬಾಣಂತಿ ಜ್ವರದಿಂದ ಸಾಯುತ್ತಿದ್ದರು. ಸೂಲಗಿತ್ತಿಯರಿದ್ದ ಕಡೆ ನಾಲ್ಕರ ಆಸುಪಾಸು. ಊರಿಗೆಲ್ಲ ಇದು ಗೊತ್ತಿತ್ತು. ಮೊದಲ ವಿಭಾಗಕ್ಕೆ ಮಾತ್ರ ಸೇರಿಸಬೇಡಿ ಅಂತ ಗರ್ಭಿಣಿಯರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು.

1846ರಲ್ಲಿ ಅಲ್ಲಿ ಸಹಾಯಕ ವೈದ್ಯನಾಗಿ ಕೆಲಸಕ್ಕೆ ಸೇರಿದ ಇಗ್ನಾಜ್ ಸೆಮ್ಮೆಲ್‌ವೈಸ್ ಆ ಬೇಡಿಕೆಯನ್ನು ಕಿವಿಗೆ ಹಾಕಿಕೊಂಡ. ಒಂದೊಂದೇ ಕಾರಣವನ್ನು ಎತ್ತಿಕೊಂಡು ಪರೀಕ್ಷಿಸುತ್ತಾ ಹೋದ. ಜನಜಂಗುಳಿಯೇ? ಎರಡನೇ ವಿಭಾಗದಲ್ಲೇ ಜಂಗುಳಿ ಹೆಚ್ಚು. ಮಲಗಿಸುವ ಭಂಗಿಯೇ? ಅದನ್ನೂ ಬದಲಿಸಿ ನೋಡಿದ. ನನಗೆ ಬಹಳ ಹಿಡಿಸುವುದು ಪಾದ್ರಿಯ ಪ್ರಸಂಗ. ಸಾಯುತ್ತಿದ್ದವರಿಗೆ ಕೊನೆಯ ಸಂಸ್ಕಾರ ಕೊಡಲು ಬರುವ ಪಾದ್ರಿ ಮೊದಲ ವಿಭಾಗದ ವಾರ್ಡುಗಳನ್ನೆಲ್ಲ ದಾಟಿಕೊಂಡೇ ಹೋಗಬೇಕಿತ್ತು. ಮುಂದೆ ಒಬ್ಬ ಗಂಟೆ ಬಾರಿಸುತ್ತಾ ನಡೆಯುತ್ತಿದ್ದ. ಆ ಸದ್ದಿಗೆ ಹೆದರಿಯೇ ಬಾಣಂತಿಯರಿಗೆ ಜ್ವರ ಬರುತ್ತದೆ ಅನ್ನುವ ಮಾತಿತ್ತು. ಸೆಮ್ಮೆಲ್‌ವೈಸ್ ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲಿಲ್ಲ. ಗಂಟೆಯಿಲ್ಲದೆ, ಬೇರೆ ದಾರಿಯಿಂದ ಬರುವಂತೆ ಪಾದ್ರಿಯನ್ನು ಕೇಳಿಕೊಂಡ. ಸಾವು ಕಮ್ಮಿಯಾಗಲಿಲ್ಲ. ಆಮೇಲಷ್ಟೇ ಆ ಕಾರಣವನ್ನು ಕೈಬಿಟ್ಟ. ಇನ್ನೊಬ್ಬರ ನಂಬಿಕೆಯನ್ನು ಗೌರವಿಸುವುದು ಅಂದರೆ ಅದನ್ನು ಪರೀಕ್ಷೆಗೆ ಯೋಗ್ಯ ಅಂತ ಭಾವಿಸುವುದು ಅಂತ ನನಗೆ ಇಲ್ಲಿ ಕಾಣಿಸುತ್ತದೆ.

1847ರಲ್ಲಿ ಅವನ ಸ್ನೇಹಿತ, ಪ್ರೊಫೆಸರ್ ಯಾಕೋಬ್ ಕೊಲೆಚ್ಕ, ಶವಪರೀಕ್ಷೆಯ ಹೊತ್ತಿಗೆ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಾಗಿ ನಂಜೇರಿ ತೀರಿಕೊಂಡ. ಅವನ ದೇಹದೊಳಗೆ ಕಂಡದ್ದು ಸತ್ತ ಬಾಣಂತಿಯರಲ್ಲಿ ಕಂಡದ್ದನ್ನೇ ಹೋಲುತ್ತಿತ್ತು. ವೈದ್ಯರು ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು.

ಇಷ್ಟಾದರೂ ಹಿರಿಯ ವೈದ್ಯರಲ್ಲಿ ಬಹಳ ಮಂದಿ ಒಪ್ಪಲಿಲ್ಲ. ಅವರಿಗೂ ನ್ಯಾಯ ಸಲ್ಲಬೇಕು: ರೋಗಾಣುಗಳ ತಿಳಿವಳಿಕೆ ಇನ್ನೂ ಬಂದಿರಲಿಲ್ಲ, ಕೈಗೆ ಅಂಟಿ ಬರುವುದು ಏನು ಅಂತ ಸೆಮ್ಮೆಲ್‌ವೈಸ್‌ಗೂ ಹೇಳಲು ಆಗುತ್ತಿರಲಿಲ್ಲ, ತನ್ನ ಪುಸ್ತಕವನ್ನು ಆತ ಹೊರತಂದದ್ದೇ 1861ರಲ್ಲಿ. ಆದರೆ ತಡೆದದ್ದು ಅಷ್ಟೇ ಅಲ್ಲ. ಅವನ ಮಾತು ನಿಜವಾದರೆ, ಉಳಿಸಲು ಹೋದ ತಾಯಂದಿರನ್ನು ಇವರ ಕೈಗಳೇ ಕೊಂದಿದ್ದವು. ಅದನ್ನು ಒಪ್ಪಿಕೊಂಡು ಮಾರನೆಯ ದಿನ ವಾರ್ಡಿಗೆ ಬರುವುದು ಹೇಗೆ? ಕೀಲ್ ನಗರದ ಪ್ರಸೂತಿ ತಜ್ಞ ಗುಸ್ಟಾವ್ ಮಿಖಾಯೆಲಿಸ್ ಒಪ್ಪಿಕೊಂಡ. ತನ್ನ ಹತ್ತಿರದ ಬಂಧುವೊಬ್ಬಳಿಗೆ ತಾನೇ ಹೆರಿಗೆ ಮಾಡಿಸಿದ್ದ, ಆಕೆ ಜ್ವರದಿಂದ ತೀರಿಹೋಗಿದ್ದಳು. ಕೈ ತೊಳೆಯುವ ಪದ್ಧತಿಯನ್ನು ತನ್ನ ಆಸ್ಪತ್ರೆಯಲ್ಲಿ ತಂದ ಆತ 1848ರಲ್ಲಿ ರೈಲಿನ ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡ. ಅವನ ಸುದ್ದಿ ಓದಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ಒಂದು ಅಂಕಿಅಂಶವನ್ನು ಪೂರ್ತಿ ಮನಸ್ಸಿನಿಂದ ಒಪ್ಪಿಕೊಂಡವನು ಅವನು. ಆ ಒಪ್ಪಿಗೆಯ ಭಾರ ಹೊರಲು ಜೊತೆಗೆ ಯಾರಾದರೂ ನಿಂತಿದ್ದರೆ ಅಂತ ಅನ್ನಿಸುತ್ತದೆ. ತಪ್ಪನ್ನು ಒಪ್ಪಿಕೊಂಡವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಅನ್ನುವುದರ ಮೇಲೂ ಒಂದು ಸಮಾಜಕ್ಕೆ ಎಷ್ಟು ನಿಜ ತಿಳಿಯುತ್ತದೆ ಅನ್ನುವುದು ನಿಂತಿದೆ.

ಇನ್ನು ನಂಬಿಕೆ ಮನುಷ್ಯನನ್ನು ಕುರುಡನಾಗಿಸುತ್ತದೆ ಎನ್ನುವವರ ಮುಂದೆ ನಾನು ಯಾವಾಗಲೂ ಖಗೋಳ ವಿಜ್ಞಾನಿ ಕೆಪ್ಲರ್‌ನನ್ನು ತಂದು ನಿಲ್ಲಿಸುತ್ತೇನೆ. ದೇವರು ವಿಶ್ವವನ್ನು ರೇಖಾಗಣಿತದ ಸೊಬಗಿನಲ್ಲೇ ಕಟ್ಟಿದ್ದಾನೆ ಅಂತ ಅವನು ಮನಸಾರೆ ನಂಬಿದ್ದ. ಮಂಗಳ ಗ್ರಹದ ಚಲನೆಯನ್ನು ವೃತ್ತಕ್ಕೆ ಹೊಂದಿಸಲು ವರ್ಷಗಟ್ಟಲೆ ಲೆಕ್ಕ ಹಾಕಿದ. ಒಂದು ಲೆಕ್ಕವನ್ನಂತೂ 70 ಸಲವಾದರೂ ಮಾಡಬೇಕಾಯಿತು ಅಂತ ಅವನೇ ಬರೆದಿದ್ದಾನೆ. ಕೊನೆಗೆ ಲೆಕ್ಕಕ್ಕೂ ಟೈಕೋ ಬ್ರಾಹೆಯ ವೀಕ್ಷಣೆಗೂ ನಡುವೆ ಉಳಿದದ್ದು ಕೋನದ ಅಳತೆಯಲ್ಲಿ 8 ನಿಮಿಷದ ವ್ಯತ್ಯಾಸ. ಹುಣ್ಣಿಮೆ ಚಂದ್ರನ ಅಗಲದಲ್ಲಿ ಕಾಲುಭಾಗ, ಅಷ್ಟೇ. ಹಿಂದಿನವರ ಕಾಲದಲ್ಲಿ ಇಷ್ಟು ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಕೆಪ್ಲರ್ ಬಿಡಲಿಲ್ಲ. ಬಿಡದೇ ಇರಲು ಅವನು ಕೊಟ್ಟ ಕಾರಣ ನೋಡಿ: ಟೈಕೋನಂಥ ಶ್ರದ್ಧಾವಂತ ವೀಕ್ಷಕನನ್ನು ದೇವರು ನಮಗೆ ದಯಪಾಲಿಸಿರುವಾಗ ಆ ಉಪಕಾರಕ್ಕೆ ನಾವು ಕೃತಜ್ಞರಾಗಿರಬೇಕು. ಕೃತಜ್ಞತೆಯಿಂದ ಅವನು ತನ್ನ ಪ್ರೀತಿಯ ವೃತ್ತವನ್ನು ಬಿಟ್ಟುಕೊಟ್ಟ. 1609ರಲ್ಲಿ ಗ್ರಹದ ಹಾದಿ ದೀರ್ಘವೃತ್ತ ಅಂತ ಪ್ರಕಟಿಸಿದ. ಅವನ ನಂಬಿಕೆಯೇ ಅವನಿಂದ ಪ್ರಾಮಾಣಿಕತೆಯನ್ನು ವಸೂಲಿ ಮಾಡಿತು.

ಗ್ರಂಥದಲ್ಲಿ ಮೊದಲೇ ಇತ್ತು ಎನ್ನುವ ಬಣಕ್ಕೆ ಹೇಳಬೇಕಾದದ್ದು ಕಡಿಮೆ. ಬ್ರಹ್ಮಾಂಡ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದ ಜಾರ್ಜ್ ಲಮೇತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಈ ಹೊಸ ವಿಜ್ಞಾನದಲ್ಲಿ ಸೃಷ್ಟಿಗೆ ಸಾಕ್ಷ್ಯವಿದೆ ಎಂಬರ್ಥದಲ್ಲಿ ಮಾತಾಡಿದಾಗ ಅದು ಲಮೇತ್ರ್‌ಗೆ ಹಿಡಿಸಲಿಲ್ಲ. ಇಂದಿನ ಸಿದ್ಧಾಂತಕ್ಕೆ ನಂಬಿಕೆಯನ್ನು ಕಟ್ಟಿಹಾಕಿದರೆ ನಾಳೆ ಸಿದ್ಧಾಂತ ಬದಲಾದಾಗ ನಂಬಿಕೆಯ ಗತಿಯೇನು? ವಿಜ್ಞಾನದ ಸರ್ಟಿಫಿಕೇಟಿಗೆ ಕಾಯುವ ಶ್ರದ್ಧೆಯಲ್ಲಿ ನನಗೆ ಶ್ರದ್ಧೆಗಿಂತ ಅಳುಕೇ ಹೆಚ್ಚು ಕಾಣುತ್ತದೆ.

ಆದರೆ ವಿಜ್ಞಾನವೊಂದೇ ಸಾಕು ಎನ್ನುವವರ ಜೊತೆ ನನ್ನ ಜಗಳ ಇನ್ನೂ ದೊಡ್ಡದು, ಅದಕ್ಕೆ ಕಾರಣ ಟಸ್ಕೀಗೀ. ಅಮೆರಿಕದ ಅಲಬಾಮಾ ರಾಜ್ಯದ ಈ ಊರಿನಲ್ಲಿ 1932ರಿಂದ ಆ ದೇಶದ ಸರ್ಕಾರಿ ಆರೋಗ್ಯ ಸೇವೆ 600 ಬಡ ಕಪ್ಪು ಗಂಡಸರ ಮೇಲೆ ಅಧ್ಯಯನ ನಡೆಸಿತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ರೋಗ ಏನು ಅಂತ ಅವರಿಗೆ ಹೇಳಲಿಲ್ಲ. ನಿಮ್ಮ ರಕ್ತ ಕೆಟ್ಟಿದೆ, ಚಿಕಿತ್ಸೆ ಕೊಡುತ್ತಿದ್ದೇವೆ ಅಂದರು. 1940ರ ದಶಕದ ಕೊನೆಗೆ ಆ ರೋಗವನ್ನು ಗುಣಪಡಿಸುವ ಪೆನಿಸಿಲಿನ್ ಎಲ್ಲೆಡೆ ಸಿಗತೊಡಗಿದರೂ ಕೊಡಲಿಲ್ಲ. ಸತ್ತ ಮೇಲೆ ಶವಪರೀಕ್ಷೆಗೆ ಒಪ್ಪಿದರೆ ಮಣ್ಣು ಮಾಡುವ ಖರ್ಚು ಕೊಡುತ್ತಿದ್ದರು. ಚಿಕಿತ್ಸೆ ಸಿಗದ ರೋಗ ದೇಹವನ್ನು ಹೇಗೆ ತಿನ್ನುತ್ತದೆ ಅಂತ ನೋಡುವುದಷ್ಟೇ ಉದ್ದೇಶ. ಮುಚ್ಚಿಟ್ಟು ಮಾಡಿದ ಕೆಲಸವೂ ಅಲ್ಲ ಇದು. ಫಲಿತಾಂಶಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬರುತ್ತಲೇ ಇದ್ದವು. ಓದಿದ ವೈದ್ಯರಲ್ಲಿ ಹೆಚ್ಚಿನವರಿಗೆ ಅಲ್ಲಿ ಕಂಡದ್ದು ರೋಗ ಮಾತ್ರ, ರೋಗಿ ಕಾಣಲಿಲ್ಲ.

1966ರಲ್ಲಿ ಅದೇ ಇಲಾಖೆಯ ಪೀಟರ್ ಬಕ್ಸ್ಟನ್ ಎಂಬ ನೌಕರ ಆಕ್ಷೇಪ ಎತ್ತಿದ. ಆತ ವೈದ್ಯನಲ್ಲ, ಲೈಂಗಿಕ ರೋಗಿಗಳನ್ನು ಮಾತಾಡಿಸಿ ಮಾಹಿತಿ ಕಲೆಹಾಕುವುದು ಅವನ ಕೆಲಸ. 1969ರಲ್ಲಿ ತಜ್ಞರ ಸಮಿತಿಯೊಂದು ಕೂತು ಚರ್ಚಿಸಿ ಅಧ್ಯಯನವನ್ನು ಮುಂದುವರಿಸಲು ತೀರ್ಮಾನಿಸಿತು. ಬಕ್ಸ್ಟನ್ ವಿಷಯವನ್ನು ಪತ್ರಕರ್ತರ ಕೈಗೆ ಮುಟ್ಟಿಸಿದ ಮೇಲೆ, 1972ರಲ್ಲಿ, ಅದು ನಿಂತಿತು. ಸಿಫಿಲಿಸ್ ಬಗ್ಗೆ ಆ ಸಮಿತಿಯವರಿಗೆ ಗೊತ್ತಿಲ್ಲದ ಯಾವುದೂ ಅವನಿಗೆ ಗೊತ್ತಿರಲಿಲ್ಲ. ಎರಡೂ ಕಡೆಯವರ ಕೈಯಲ್ಲಿದ್ದ ಮಾಹಿತಿ ಒಂದೇ. ಆ 399 ಜನರನ್ನು ತನ್ನಂಥ ಮನುಷ್ಯರು ಅಂತ ಎಣಿಸಿದ್ದು ಅವನು.

ಈ ಪ್ರಕರಣದ ಬಳಿಕ ನೇಮಕವಾದ ಆಯೋಗ 1979ರಲ್ಲಿ ಬೆಲ್ಮಾಂಟ್ ವರದಿಯನ್ನು ಪ್ರಕಟಿಸಿತು. ಸಂಶೋಧನೆಗೆ ಒಳಗಾಗುವವನ ಸ್ವಂತ ತೀರ್ಮಾನಕ್ಕೆ ಗೌರವ, ಅವನ ಒಳಿತು, ಮತ್ತು ಸಂಶೋಧನೆಯ ಭಾರ ದುರ್ಬಲರ ಹೆಗಲಿಗೇ ಬೀಳದಂಥ ನ್ಯಾಯ, ಈ ಮೂರನ್ನು ಅದು ಕೇಳಿತು. ಇವತ್ತು ಔಷಧ ಪ್ರಯೋಗಕ್ಕೆ ಸೇರುವವರ ಕೈಗೆ ಬರುವ ಒಪ್ಪಿಗೆ ಪತ್ರದ ಹಿಂದೆ ಟಸ್ಕೀಗೀಯ ಆ ಗಂಡಸರೂ ಇದ್ದಾರೆ. ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಬೇಕು, ಬೇಡವೆನಿಸಿದಾಗ ಎದ್ದುಹೋಗಲು ಬಿಡಬೇಕು. ಇದೆಲ್ಲ ವಿಜ್ಞಾನದ ವೇಗಕ್ಕೆ ಅಡ್ಡಿ ಎನ್ನುವವರ ಜೊತೆ ನಾನು ಎಷ್ಟು ಹೊತ್ತು ಬೇಕಾದರೂ ಕೂತು ವಾದಿಸಲು ಸಿದ್ಧ.