ಸ್ಕ್ಯಾನರ್ ಬಂತು ಸರಿ, ಪಟ್ಟಿ ಎಲ್ಲಿ?

ಯಾವುದಾದರೂ ಗ್ರಂಥಾಲಯದಲ್ಲಿ ಹಳೆಯ ಪುಸ್ತಕ, ಓಲೆಗರಿಗಳ ಡಿಜಿಟಲೀಕರಣ ಶುರುವಾಯಿತು ಅಂದರೆ ಫೇಸ್‌ಬುಕ್ಕಿಗೆ ಬರುವ ಫೋಟೊ ಒಂದೇ. ಕುಂಕುಮ ಹಚ್ಚಿಸಿಕೊಂಡ ಹೊಸ ಸ್ಕ್ಯಾನರ್, ಸುತ್ತ ಸಮಿತಿಯವರು, ನಡುವೆ ಶಾಲು ಹೊದ್ದ ಅತಿಥಿ. ನಾನೂ ಲೈಕ್ ಒತ್ತುತ್ತೇನೆ. ಪರಿಚಯದವರಾದರೆ ಆಮೇಲೆ ಇನ್‌ಬಾಕ್ಸಿನಲ್ಲಿ ಕೇಳುತ್ತೇನೆ, "ಮೆಟಾಡೇಟಾ ಯಾರು ಮಾಡ್ತಿದಾರೆ ಸರ್?" ಮೆಟಾಡೇಟಾ ಅಂದರೆ ಪುಸ್ತಕದ ಹೆಸರು, ಲೇಖಕ, ಭಾಷೆ, ಕಾಲ ಇಂಥ ವಿವರಗಳ ಪಟ್ಟಿ. ಉತ್ತರವೂ ಹೆಚ್ಚೂಕಡಿಮೆ ಒಂದೇ. "ಅದೆಲ್ಲ ಆಮೇಲೆ ನೋಡ್ಕೊಂಡ್ರಾಯ್ತು ಮೇಡಂ, ಮೊದ್ಲು ಸ್ಕ್ಯಾನ್ ಆಗ್ಲಿ. ಪುಸ್ತಕ ಹಾಳಾಗ್ತಿದಾವೆ."

ಆ 'ಆಮೇಲೆ' ಬಂದದ್ದನ್ನು ನಾನು ಕಂಡಿದ್ದು ತೀರಾ ಕಡಿಮೆ. ಸ್ಕ್ಯಾನ್ ಮುಗಿಯುವಷ್ಟರಲ್ಲಿ ಅನುದಾನ ಮುಗಿದಿರುತ್ತದೆ, ಗುತ್ತಿಗೆಯ ಹುಡುಗರು ಬೇರೆ ಕೆಲಸ ಹಿಡಿದಿರುತ್ತಾರೆ, ಕಟ್ಟುಗಳು ಮತ್ತೆ ಕಪಾಟು ಸೇರಿ ಬೀಗ ಬಿದ್ದಿರುತ್ತದೆ. ಉಳಿಯುವುದು ಒಂದು ಹಾರ್ಡ್ ಡಿಸ್ಕು. ಅದರೊಳಗೆ 'ನ್ಯೂ ಫೋಲ್ಡರ್ 3', ಅದರೊಳಗೆ 'ಫೈನಲ್', ಅದರೊಳಗೆ 'ಫೈನಲ್ ನ್ಯೂ', ಅದರೊಳಗೆ ಸಾವಿರಾರು ಚಿತ್ರಗಳು. ಯಾವುದು ಯಾವುದರದ್ದು ಅಂತ ಹೇಳಬಲ್ಲವರು ಯಾರೂ ಇಲ್ಲ.

ನನ್ನ ವಾದ ಇಷ್ಟು: ಯಾವ ವಿವರ ಬರೆಯಬೇಕು, ಯಾವ ಲಿಪಿಯಲ್ಲಿ, ಯಾರು ಬರೆಯಬೇಕು ಎಂಬುದು ಮೊದಲ ಪುಟ ಸ್ಕ್ಯಾನರಿಗೆ ಹೋಗುವ ಮೊದಲೇ ತೀರ್ಮಾನವಾಗಬೇಕು. ಆಗಿಲ್ಲವೋ, ಸ್ಕ್ಯಾನ್ ಮುಂದೆ ಹಾಕಿ. ಬೈಯುವವರು ಬೈಯಿರಿ. ಗೆದ್ದಲು ಹಿಡಿದ ಓಲೆಗರಿ ಕಟ್ಟುಗಳಿಗೆ ಮಾತ್ರ ವಿನಾಯಿತಿ ಕೊಡುತ್ತೇನೆ.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನೆನಪಿದೆಯಲ್ಲ? ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಿಲಿಯನ್ ಬುಕ್ ಯೋಜನೆಯ ಜೊತೆಗೂಡಿ ಮಾಡಿದ ಕೆಲಸ. ಅಂಗಡಿಯಲ್ಲಿ ಎಂದೋ ಮರೆಯಾದ ಎಷ್ಟೋ ಕನ್ನಡ ಪುಸ್ತಕ ಇವತ್ತು ಮೊಬೈಲಿನಲ್ಲಿ ತೆರೆದುಕೊಳ್ಳುವುದು ಅವರ ಪುಣ್ಯದಿಂದ. ಅದನ್ನು ಹಗುರವಾಗಿ ಆಡುವುದಿಲ್ಲ. ಆದರೆ ಶೀರ್ಷಿಕೆಗಳೆಲ್ಲ ರೋಮನ್ ಅಕ್ಷರದಲ್ಲಿ ಕೂತಿದ್ದವು. ಟ, ಡ, ಣಗಳನ್ನು ತೋರಿಸಲು ಅಕ್ಷರದ ಪಕ್ಕ ಒಂದು ಕೊಟೇಶನ್ ಗುರುತು. ದೀರ್ಘಕ್ಕೆ ಒಂದು ಕಡೆ ಎರಡು ಸ್ವರ, ಇನ್ನೊಂದು ಕಡೆ ಒಂದೇ. ಲೇಖಕರ ಹೆಸರಿರಬೇಕಾದಲ್ಲಿ ಎಷ್ಟೋ ಕಡೆ 'ನಾಟ್ ಅವೈಲಬಲ್'. ಹುಡುಕುವವನು ಕನ್ನಡದಲ್ಲಿ ಟೈಪ್ ಮಾಡಿದರೆ ಏನೂ ಸಿಗದು, ಇಂಗ್ಲಿಷಿನಲ್ಲಿ ಮಾಡಿದರೆ ಆ ಗುಮಾಸ್ತ ಯಾವ ಕಾಗುಣಿತ ಹಿಡಿದಿದ್ದ ಅಂತ ಊಹಿಸಬೇಕು. ಮುಂದೆ, ಮಾಹಿತಿ ಎಲ್ಲರಿಗೂ ಮುಕ್ತವಾಗಿರಲಿ ಎಂದು ಹೋರಾಡುವ ಅಮೆರಿಕದ ಕಾರ್ಲ್ ಮಲಮುಡ್ ಆ ಸಂಗ್ರಹದ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣಕ್ಕೆ ಏರಿಸಿದಾಗ ಪುಸ್ತಕದ ಜೊತೆ ಆ ವಿವರಗಳೂ ಹಾಗೇ ಏರಿದವು. ಕನ್ನಡ ಪುಸ್ತಕಗಳನ್ನು ಜಾಲಕ್ಕೆ ತರುವ ನಮ್ಮ ಸಂಚಯ ತಂಡದವರು ಇಂಥ ಶೀರ್ಷಿಕೆಗಳನ್ನು ಜನರ ಕೈಯಿಂದಲೇ ಮತ್ತೆ ಕನ್ನಡ ಲಿಪಿಗೆ ತರಿಸುವ ಕೆಲಸಕ್ಕೆ ಇಳಿಯಬೇಕಾಯಿತು. ಪುಸ್ತಕ ಕೈಯಲ್ಲಿದ್ದಾಗ ಮುಖಪುಟ ನೋಡಿ ಎರಡು ನಿಮಿಷದಲ್ಲಿ ಬರೆಯಬಹುದಾಗಿದ್ದ ಸಾಲು ಅದು.

ಹಾಗಾಗಿ ಮೊದಲ ತೀರ್ಮಾನ: ಶೀರ್ಷಿಕೆ, ಲೇಖಕ, ಪ್ರಕಾಶಕ ಇವು ಪುಸ್ತಕದ ಮೇಲೆ ಅಚ್ಚಾದ ಲಿಪಿಯಲ್ಲೇ ಬರಬೇಕು, ಯೂನಿಕೋಡಿನಲ್ಲಿ. ರೋಮನ್ ರೂಪ ಬೇರೆ ಕಾಲಮ್ಮಿನಲ್ಲಿ ಇರಲಿ, ಅದಕ್ಕೆ ಭಾರತೀಯ ಲಿಪಿಗಳನ್ನು ರೋಮನ್ನಿಗೆ ತರುವ ಐಎಸ್‌ಒ 15919ರಂಥ ಒಂದೇ ನಿಯಮ ಹಿಡಿಯಿರಿ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಪಟ್ಟಿ ನಿಮ್ಮಲ್ಲಿದ್ದರೆ (ಇದ್ದೇ ಇರುತ್ತದೆ) ಮೊದಲು ಅದನ್ನು ಪರಿವರ್ತಿಸಿ, ಒತ್ತಕ್ಷರ ಕೆಟ್ಟಿದೆಯಾ ಅಂತ ಸಾಲುಸಾಲು ನೋಡಿ. 'ಸೂರ್ಯ' ಅಂತಲೂ ಬರೆಯಬಹುದು, 'ಸೂರ‍್ಯ' ಅಂತಲೂ ಬರೆಯಬಹುದು. ಓದುವ ನಮಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಯಾವುದನ್ನು ಹಿಡಿಯುತ್ತೀರಿ ಅಂತ ಬರೆದಿಟ್ಟುಕೊಳ್ಳಿ.

ಭಾಷೆಗೆ ಒಂದು ಕಾಲಮ್, ಲಿಪಿಗೆ ಇನ್ನೊಂದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಶುರುವಾದದ್ದು 1891ರಲ್ಲಿ. ಅಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ ಸಂಸ್ಕೃತ ಭಾಷೆಯದು, ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ 'ಗ್ರಂಥ' ಎಂಬ ಲಿಪಿಯದು. ಸಂಸ್ಕೃತವನ್ನು ಕನ್ನಡ ಲಿಪಿಯಲ್ಲಿ ಬರೆದ ಕಟ್ಟುಗಳು ನಮ್ಮ ಮಠಗಳಲ್ಲಿ ರಾಶಿ ರಾಶಿ ಇವೆ, ದೇವನಾಗರಿಯ ಹತ್ತಿರದ ನಂದಿನಾಗರಿ ಲಿಪಿಯಲ್ಲಿ ಬರೆದವೂ ಇವೆ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸು ತುಳು ಪುಸ್ತಕಗಳನ್ನು ಅಚ್ಚುಹಾಕಿದ್ದು ಕನ್ನಡ ಅಕ್ಷರದಲ್ಲಿ. ಲಿಪಿ ನೋಡಿದ ಕೂಡಲೇ 'ಕನ್ನಡ' ಅಂತ ಗೀಚಿಬಿಟ್ಟರೆ ತುಳುವಿನ ವಿದ್ಯಾರ್ಥಿಗೆ ತುಳು ಪುಸ್ತಕ ಸಿಗುವುದಿಲ್ಲ, ಸಂಸ್ಕೃತದವರಿಗೆ ಸಂಸ್ಕೃತ ಸಿಗುವುದಿಲ್ಲ.

ಇನ್ನು ಓಲೆಗರಿಯ ಲೆಕ್ಕ. ಒಂದು ಕಟ್ಟು ಅಂದರೆ ಒಂದು ಕೃತಿ ಅಂತ ಎಕ್ಸೆಲ್ ಶೀಟು ತಯಾರು ಮಾಡುವವರು ಎಂದೂ ಕಟ್ಟು ಬಿಚ್ಚಿದವರಲ್ಲ. ಒಂದೇ ಕಟ್ಟಿನಲ್ಲಿ ಅರ್ಧ ಕಾವ್ಯ, ಒಂದು ವೈದ್ಯ, ಎರಡು ಸ್ತೋತ್ರ, ಕೊನೆಯ ಗರಿಗಳಲ್ಲಿ ಮನೆಯ ಸಾಲದ ಲೆಕ್ಕ. ಕಟ್ಟಿಗೊಂದು ದಾಖಲೆ, ಒಳಗಿನ ಪ್ರತಿ ಕೃತಿಗೊಂದು ದಾಖಲೆ, ಎರಡನ್ನೂ ಜೋಡಿಸುವ ಸಂಖ್ಯೆ, ಇಷ್ಟಿರಲೇಬೇಕು. ಗರಿಯ ಮೇಲೆ ಲಿಪಿಕಾರ ಹಾಕಿದ ಅಂಕೆಯೇ ಬೇರೆ, ನಮ್ಮ ಚಿತ್ರದ ಕ್ರಮಸಂಖ್ಯೆಯೇ ಬೇರೆ. ಎರಡನ್ನೂ ಬರೆಯಿರಿ, ಯಾಕೆಂದರೆ ಗರಿಗಳು ಅದಲುಬದಲಾಗಿಯೇ ಇರುತ್ತವೆ. ಹಳೆಯ ಕಾಲದ ಬಟ್ಟೆಯ ಕಡತವಾದರೆ ಪುಟವೂ ಇಲ್ಲ, ಗರಿಯೂ ಇಲ್ಲ. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮಡಿಕೆ ಎಣಿಸಬೇಕು.

ಕಾಲದ ಕಾಲಮ್ಮಿಗೆ ಬಂದರೆ ನನಗೆ ಖುಷಿ. ಇಲ್ಲಿ ಕೆಲಸ ಪತ್ತೇದಾರಿಯದ್ದು. ಪುಷ್ಪಿಕೆಯಲ್ಲಿ (ಪ್ರತಿಯ ಕೊನೆಗೆ ಲಿಪಿಕಾರ ಬರೆಯುವ ಸಾಲು) 'ಪ್ಲವ ಸಂವತ್ಸರದ ಶ್ರಾವಣ ಶುದ್ಧ ಪಂಚಮಿ' ಅಂತ ಇರುತ್ತದೆ, ಶಕವರ್ಷ ಇರುವುದಿಲ್ಲ. ಪ್ಲವ 60 ವರ್ಷಕ್ಕೊಮ್ಮೆ ಬರುತ್ತದೆ: 1841-42, 1901-02, 1961-62, ಮೊನ್ನೆ ಮೊನ್ನೆ 2021-22. ಶಕ 1823 ಅಂತ ಸಿಕ್ಕರೆ 78 ಕೂಡಿಸಿ 1901 ಅನ್ನಬಹುದು, ಪುಷ್ಯ ಮಾಘದ ಕಡೆಗೆ ಹೋದರೆ 79 ಕೂಡಿಸಬೇಕಾದೀತು. ವಾರವನ್ನೂ ಬರೆದಿದ್ದರೆ ಪಂಚಾಂಗದೊಂದಿಗೆ ತಾಳೆ ನೋಡಬಹುದು. ಕಂಪನಿ ನಾಟಕದ ಹ್ಯಾಂಡ್‌ಬಿಲ್ಲುಗಳದ್ದು ಇನ್ನೊಂದು ಮಜಾ. 'ತಾರೀಖು 14 ಶನಿವಾರ ರಾತ್ರಿ' ಅಂತ ಇರುತ್ತದೆ, ಇಸವಿ ಯಾರಿಗೆ ಬೇಕಿತ್ತು? ತಿಂಗಳು ಗೊತ್ತಾದರೆ ಅದೇ ತಾರೀಖು ಅದೇ ವಾರಕ್ಕೆ ಬರುವುದು 5, 6 ಅಥವಾ 11 ವರ್ಷಕ್ಕೊಮ್ಮೆ. ಜೊತೆಗೆ ಪ್ರೆಸ್ಸಿನ ಹೆಸರು, ಟಿಕೆಟ್ ದರ ಆಣೆಯಲ್ಲಿದೆಯೋ ಪೈಸೆಯಲ್ಲಿದೆಯೋ (ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ) ಅಂತ ನೋಡಿದರೆ ಇಸವಿ ಎರಡು ಮೂರು ಸಾಧ್ಯತೆಗೆ ಇಳಿಯುತ್ತದೆ. ಆದರೆ ಹೀಗೆ ಊಹಿಸಿದ ಇಸವಿಯನ್ನು ಅಚ್ಚಾದ ಇಸವಿಯಂತೆ ಬರೆಯುವುದು ಅಪರಾಧ. ಅಚ್ಚಾದದ್ದು ಒಂದು ಕಾಲಮ್, ನಾವು ಲೆಕ್ಕ ಹಾಕಿದ್ದು ಇನ್ನೊಂದು, ಲೆಕ್ಕದ ಆಧಾರ ಮೂರನೆಯದು.

ಹೆಸರುಗಳಲ್ಲಿ ನಾವು ಇಂಗ್ಲಿಷ್ ಪದ್ಧತಿಗೆ ಜೋತುಬಿದ್ದದ್ದು ಸಾಕು. 'ಅಯ್ಯಂಗಾರ್, ಮಾಸ್ತಿ ವೆಂಕಟೇಶ' ಅಂತ ಕಾರ್ಡು ಬರೆದರೆ ಮಾಸ್ತಿಯವರನ್ನು ಅಲ್ಲಿ ಯಾರು ಹುಡುಕುತ್ತಾರೆ? ಜಾತಿಸೂಚಕವೊಂದು ಕೊನೆಯಲ್ಲಿದ್ದ ಮಾತ್ರಕ್ಕೆ ಅದು ಸರ್‌ನೇಮ್ ಆಗಿಬಿಡುತ್ತದೆ, ಅಯ್ಯಂಗಾರರೆಲ್ಲ ಒಂದು ಸಾಲು, ರಾಯರೆಲ್ಲ ಇನ್ನೊಂದು ಸಾಲು. ಮಾಸ್ತಿ, ಕುವೆಂಪು, ಬಿಎಂಶ್ರೀ ಅಂತ ಜನ ಕರೆಯುವ ಹೆಸರೇ ಮುಖ್ಯ ರೂಪವಾಗಲಿ. ಶ್ರೀನಿವಾಸ ಅನ್ನುವ ಕಾವ್ಯನಾಮ, ಕೆ. ವಿ. ಪುಟ್ಟಪ್ಪ, ಬಿ. ಎಂ. ಶ್ರೀಕಂಠಯ್ಯ, ರೋಮನ್ನಿನ ನಾಲ್ಕಾರು ಕಾಗುಣಿತ ಎಲ್ಲವೂ ಅದಕ್ಕೆ ಅಂಟಿಕೊಂಡಿರಲಿ. ಮುದ್ದಣ ಅಂತ ಹುಡುಕಿದರೂ ನಂದಳಿಕೆ ಲಕ್ಷ್ಮೀನಾರಣಪ್ಪ ಅಂತ ಹುಡುಕಿದರೂ ಒಂದೇ ಕಡೆ ಬರಬೇಕು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, ಬೇರೆ ಒಂದು ಶೀಟು ಸಾಕು. ಸಾಧ್ಯವಿದ್ದರೆ ಪಕ್ಕದಲ್ಲಿ ವಿಕಿಡೇಟಾ ಎಂಬ ಮುಕ್ತ ಮಾಹಿತಿಕೋಶ ಆ ವ್ಯಕ್ತಿಗೆ ಕೊಟ್ಟ ಸಂಖ್ಯೆ ಹಾಕಿ, ಮುಂದೆ ಯಾರಾದರೂ ಹರಸುತ್ತಾರೆ.

ಊರಿನ ಹೆಸರಿಗೂ ಇದೇ ಮಾತು. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಅಚ್ಚಿನಲ್ಲಿದ್ದ ಹಾಗೆ ಒಂದು, ಈಗಿನ ರೂಪ ಇನ್ನೊಂದು.

ಲೇಖಕರು ತೀರಿಕೊಂಡ ಇಸವಿಯನ್ನು ಯಾರೂ ಬರೆಯುವುದಿಲ್ಲ, ನನಗೆ ಅದೇ ಸಿಟ್ಟು. ನಮ್ಮ ಕಾಯ್ದೆಯಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣದ ಮರುವರ್ಷದಿಂದ 60 ವರ್ಷ. ಬಿಎಂಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ಬರಹ 2007ರಿಂದ ಎಲ್ಲರದ್ದು. ಡಿವಿಜಿ 1975ರಲ್ಲಿ, ಅವರದ್ದಕ್ಕೆ 2036ರ ತನಕ ಕಾಯಬೇಕು. ಕುವೆಂಪು ಅವರದ್ದಕ್ಕೆ 2055. ಒಂದು ಇಸವಿ ಬರೆದಿಟ್ಟರೆ ಯಾವುದನ್ನು ಇವತ್ತೇ ಜಾಲಕ್ಕೆ ಏರಿಸಬಹುದು, ಯಾವುದನ್ನು ಗ್ರಂಥಾಲಯದ ಒಳಗಷ್ಟೇ ತೋರಿಸಬೇಕು ಅಂತ ಶೀಟೇ ಹೇಳುತ್ತದೆ. ಬರೆಯದಿದ್ದರೆ ಏನಾಗುತ್ತದೆ? ಯಾರೋ ಒಬ್ಬರು ನೋಟಿಸ್ ಕಳಿಸುತ್ತಾರೆ, ಆಡಳಿತ ಹೆದರಿ ಇಡೀ ಸಂಗ್ರಹಕ್ಕೆ ಬಾಗಿಲು ಹಾಕುತ್ತದೆ.

ಸಂಖ್ಯೆ ಕೊಡುವ ವಿಷಯದಲ್ಲಿ ನಮಗೆ ಹಳೆಯ ಗುರು ಒಬ್ಬರಿದ್ದಾರೆ. ಬಿ. ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆ ಶುರುಮಾಡಿದರು. ಆ ಸಂಪುಟಗಳಲ್ಲಿ ತಾಲ್ಲೂಕಿಗೊಂದು ಸಂಕೇತ, ಪ್ರತಿ ಶಾಸನಕ್ಕೂ ಕ್ರಮಸಂಖ್ಯೆ. ಶಿಕಾರಿಪುರ ಇಂತಿಷ್ಟು, ಸೊರಬ ಇಂತಿಷ್ಟು ಅಂದರೆ ಸಂಶೋಧಕರಿಗೆ ಇವತ್ತಿಗೂ ಕಲ್ಲು ಕಣ್ಣಮುಂದೆ ನಿಲ್ಲುತ್ತದೆ. ಮುಂದೆ ಮೈಸೂರು ವಿಶ್ವವಿದ್ಯಾಲಯ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಪುಟದ ಹಂಚಿಕೆ ಬದಲಾಯಿತು, ಸಂಖ್ಯೆಗಳೂ ಬದಲಾದವು. ಹೊಸ ಸಂಪುಟಗಳ ಶಾಸನಪಾಠ ಅದ್ಭುತ, ಆದರೆ ಯಾರಾದರೂ ಶಾಸನ ಉಲ್ಲೇಖಿಸಿದರೆ 'ಹಳೆಯದಾ, ಹೊಸದಾ?' ಅಂತ ಕೇಳಬೇಕು. ನಿಮ್ಮ ಸಂಗ್ರಹದ ಗುರುತುಸಂಖ್ಯೆಯಲ್ಲಿ ತಾಲ್ಲೂಕು, ಕಪಾಟು, ದಾನಿಗಳ ಹೆಸರು ಏನೂ ಇರದಿರಲಿ. ಅವೆಲ್ಲ ಬದಲಾಗುವಂಥವು. ಬರೀ ಅಂಕೆ ಸಾಕು, ಒಮ್ಮೆ ಕೊಟ್ಟದ್ದನ್ನು ಮುಟ್ಟಬೇಡಿ, ಫೈಲಿನ ಹೆಸರೂ ಅದೇ ಇರಲಿ.

"ಇದೆಲ್ಲ ಯಾಕೆ, ಓಸಿಆರ್ ಇದೆ, ಎಐ ಇದೆ, ಒಳಗಿನ ಪಠ್ಯವನ್ನೇ ಹುಡುಕಬಹುದಲ್ಲ" ಅನ್ನುವವರು ಈಗ ಜಾಸ್ತಿ. ಒಳ್ಳೆಯ ಅಚ್ಚಿನ ಪುಸ್ತಕಕ್ಕೆ ಓಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯ ಮಾಡುವ ತಂತ್ರಾಂಶ) ನಿಜಕ್ಕೂ ವರ, ನಾನೂ ಬಳಸುತ್ತೇನೆ. ಆದರೆ ಮಸಿ ಅಳಿಸಿದ ಓಲೆಗರಿ? ಫೋಟೊ ಆಲ್ಬಮ್ಮು? ಬಳ್ಳಿ ಹೂವಿನ ಅಕ್ಷರದ ಹ್ಯಾಂಡ್‌ಬಿಲ್ಲು? ಇದು ಎಷ್ಟನೆಯ ಮುದ್ರಣ, ಯಾರ ಮನೆಯಿಂದ ಬಂತು, ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿ ಮಾಡಿದವರು ಯಾರು ಅನ್ನುವುದನ್ನು ಯಾವ ಪಠ್ಯವೂ ತಾನಾಗಿ ಹೇಳುವುದಿಲ್ಲ. ವಿಶೇಷ ಸಂಗ್ರಹ 'ವಿಶೇಷ' ಆಗಿರುವುದೇ ಅದರಿಂದ.

ಹಾಗಂತ ಎಲ್ಲಕ್ಕೂ ಐವತ್ತು ಕಾಲಮ್ ತುಂಬಿ ಅನ್ನುತ್ತಿಲ್ಲ. 1995ರಲ್ಲಿ ಅಮೆರಿಕದ ಓಹಾಯೊದ ಡಬ್ಲಿನ್ ಊರಿನ ಸಭೆಯಿಂದ ಹುಟ್ಟಿದ ಡಬ್ಲಿನ್ ಕೋರ್ ಅನ್ನುವ ಮೆಟಾಡೇಟಾ ಮಾದರಿಯಲ್ಲಿ ಇರುವುದು 15 ಅಂಶ. ಡಿಜಿಟಲ್ ಸಂಗ್ರಹಕ್ಕೆ ಡಿಸ್ಪೇಸ್ ಎಂಬ ತಂತ್ರಾಂಶ ಬಳಸುವ ಗ್ರಂಥಾಲಯಗಳಿಗೆಲ್ಲ ಇದು ಪರಿಚಯ. ಅದರ ಮೇಲೆ ಲಿಪಿ, ಸಂವತ್ಸರ, ಗರಿಯ ಲೆಕ್ಕದಂಥ ನಮ್ಮದೇ ನಾಲ್ಕೈದು ಸೇರಿಸಿದರೆ ಆರಂಭಕ್ಕೆ ಸಾಕು. 2005ರಲ್ಲಿ ಮಾರ್ಕ್ ಗ್ರೀನ್, ಡೆನ್ನಿಸ್ ಮೈಸ್ನರ್ ಎಂಬ ಇಬ್ಬರು ಅಮೆರಿಕದ ದಾಖಲೆ ತಜ್ಞರು ಒಂದು ವಾದ ಇಟ್ಟರು: ಪೆಟ್ಟಿಗೆಯೊಳಗಿನ ಪ್ರತಿ ಕಾಗದವನ್ನೂ ವಿವರಿಸುತ್ತ ಕೂತರೆ ಉಳಿದ ಪೆಟ್ಟಿಗೆಗಳು ಓದುಗರಿಗೆ ಎಂದೂ ತೆರೆಯುವುದಿಲ್ಲ, ಆದ್ದರಿಂದ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ವಿವರ ಕೊಡಿ. ಪತ್ರ, ರಶೀದಿ, ಆಮಂತ್ರಣಗಳ ಪೆಟ್ಟಿಗೆಗೆ ಇದು ಸರಿಯೇ, ಪೆಟ್ಟಿಗೆಗೊಂದು ಪ್ಯಾರಾ ಸಾಕು. ಓಲೆಗರಿಗೆ ಮಾತ್ರ ನಾನು ಒಪ್ಪುವುದಿಲ್ಲ. ಕಟ್ಟನ್ನು ಮತ್ತೊಮ್ಮೆ ಬಿಚ್ಚುವ ದಿನಕ್ಕೆ ಗರಿ ಎಷ್ಟು ಉಳಿದಿರುತ್ತದೋ, ಓದಬಲ್ಲ ಪಂಡಿತರು ಇರುತ್ತಾರೋ ಇಲ್ಲವೋ.

ಮೆಟಾಡೇಟಾ ಪರದೇಶದ ಶೋಕಿ ಅನ್ನುವವರು ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯನ್ನು ಒಮ್ಮೆ ತೆಗೆದು ನೋಡಲಿ. 1907, 1919, 1929ರಲ್ಲಿ ಬಂದ ಮೂರು ಸಂಪುಟ. ಕವಿಯ ಹೆಸರು, ಕಾಲ, ಆಶ್ರಯ, ಕೃತಿಗಳು, ಮಾದರಿ ಪದ್ಯ, ಕಾಲ ಹೀಗೆಂದು ಹೇಳಲು ಆಧಾರ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹಸ್ತಪ್ರತಿ ತಿರುವಿ ಬರೆದದ್ದು.

ಕೊನೆಗೆ ದುಡ್ಡಿನ ಮಾತು. ಪುಟಕ್ಕಿಷ್ಟು ಅಂತ ಸ್ಕ್ಯಾನಿಗೆ ಟೆಂಡರ್ ಕರೆಯುತ್ತಾರೆ, ಡೇಟಾ ಎಂಟ್ರಿಯನ್ನೂ ಅದರೊಳಗೇ ತುರುಕುತ್ತಾರೆ. ಪುಟಕ್ಕೆ ಕಾಸು ಸಿಗುವವನು ಪುಷ್ಪಿಕೆ ಓದುತ್ತ ಕೂರುತ್ತಾನೆಯೇ? ಅವನದು ತಪ್ಪಲ್ಲ. ಬ್ರಿಟಿಷ್ ಲೈಬ್ರರಿ ಅಳಿವಿನಂಚಿನ ದಾಖಲೆಗಳನ್ನು ಉಳಿಸಲು 2004ರಿಂದ ನಡೆಸುತ್ತಿರುವ ಎಂಡೇಂಜರ್ಡ್ ಆರ್ಕೈವ್ಸ್ ಯೋಜನೆಯಲ್ಲಿ ಬರೀ ಚಿತ್ರ ಕೊಟ್ಟರೆ ಸಾಲದು, ಅವರ ನಮೂನೆಯ ವಿವರಪಟ್ಟಿಯನ್ನೂ ಜೊತೆಗೆ ಕೊಡಬೇಕು. ನಮ್ಮ ಟೆಂಡರಿನಲ್ಲೂ ಎರಡೂ ಬೇರೆ ಬೇರೆ ಬಾಬ್ತು ಆಗಲಿ. ಪಟ್ಟಿಯ ಕೆಲಸವನ್ನು ಹಳಗನ್ನಡ ಬಲ್ಲ ನಿವೃತ್ತ ಮೇಷ್ಟ್ರುಗಳಿಗೆ, ಹಸ್ತಪ್ರತಿ ಶಾಸ್ತ್ರ ಓದಿ ಕೆಲಸವಿಲ್ಲದೆ ಕೂತ ಎಂಎ ಹುಡುಗಿಯರಿಗೆ ಕೊಡಿ, ಗಂಟೆ ಲೆಕ್ಕದಲ್ಲಿ ಮರ್ಯಾದೆಯ ಸಂಬಳ ಕೊಡಿ. ಸೇವೆ ಅಂತ ಹೇಳಿ ಪುಕ್ಕಟೆ ಮಾಡಿಸಬೇಡಿ. ಪ್ರತಿ ದಾಖಲೆಯಲ್ಲೂ ಅದನ್ನು ತಯಾರಿಸಿದವರ ಹೆಸರು ಇರಲಿ, ಅದಕ್ಕೂ ಒಂದು ಕಾಲಮ್.

ನಾನು ಬಳಸುವ ಖಾಲಿ ಶೀಟು ಕನ್ನಡದಲ್ಲೇ ಇದೆ, ಸಂವತ್ಸರದ ಕೋಷ್ಟಕವೂ ಅದರೊಳಗಿದೆ. ಬೇಕಾದವರು ಕೇಳಿ, ಕಳಿಸುತ್ತೇನೆ. ಸ್ಕ್ಯಾನರ್ ಕೊಳ್ಳುವ ಮೊದಲೇ ಕೇಳಿದರೆ ಚಹಾ ನನ್ನದು.